ಗಡ್ಡ ಮೊದಲು, ಫೋಟೊ ಆಮೇಲೆ

ಫೋಟೊಗ್ರಫಿ ಕಲಿಯುವವನಿಗೆ ಗುರುವಿನ ಗತ್ತು ಬೇಗ ಬರುತ್ತದೆ, ವಿದ್ಯೆ ನಿಧಾನ. ಸೊರಬ ತಾಲ್ಲೂಕಿನ ಉಳವಿ ಕಡೆಯವನಾದರೆ ಮೊದಲ ಗುರು ಪೂರ್ಣಚಂದ್ರ ತೇಜಸ್ವಿ. ತಾಲ್ಲೂಕಿನಲ್ಲೇ ಗುಡವಿ ಪಕ್ಷಿಧಾಮವಿದೆಯಲ್ಲ! ಮೂಡಿಗೆರೆಯಲ್ಲಿ ಹಕ್ಕಿಗಾಗಿ ಕಾದು ಕೂರುತ್ತಿದ್ದ ಅವರಿಂದ ಶಿಷ್ಯ ತಾಳ್ಮೆಯನ್ನು ಬಿಟ್ಟು ಗಡ್ಡವನ್ನಷ್ಟೇ ಕಲಿಯುತ್ತಾನೆ. ಮಳೆಗಾಲದಲ್ಲಿ ಗುಡವಿಯ ಕೆರೆಯ ಮರಗಳಲ್ಲಿ ಕರಿತಲೆಯ ಬಿಳಿ ಕೆಂಬರಲುಗಳು ಗೂಡು ಕಟ್ಟುತ್ತವೆ. ಶಿಷ್ಯನ ಚಿತ್ರದಲ್ಲಿ ಲೆನ್ಸಿನ ತುಂಬ ಹಬೆ, ಮೂಲೆಯಲ್ಲೊಂದು ಬಾಲ.

ಬಳಿಕ ಸಂಡೂರಿನ ಎಂ.ವೈ. ಘೋರ್ಪಡೆ. ಎದುರುಬೆಳಕಿನಲ್ಲಿ ಅವರು ತೆಗೆದ ಕಪ್ಪು-ಬಿಳುಪು ಕಾಡುಚಿತ್ರಗಳನ್ನು ನೋಡಿದವನು ಸಂಜೆ ಸೂರ್ಯನಿಗೆ ಅಡ್ಡಲಾಗಿ ಎಮ್ಮೆ ನಿಲ್ಲಿಸುತ್ತಾನೆ. ಕಪ್ಪು ಧಾರಾಳ, ಬಿಳುಪನ್ನು ಹುಡುಕಬೇಕು.

ಎಲ್ಲರಿಗಿಂತ ಕಷ್ಟದ ಗುರು ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸೊನ್. 1932ರಲ್ಲಿ ಪ್ಯಾರಿಸ್ಸಿನ ರೈಲು ನಿಲ್ದಾಣದ ಹಿಂದೆ, ನಿಂತ ನೀರು ದಾಟಲು ಹಾರಿದವನ ಹಿಮ್ಮಡಿ ನೀರಿಗೆ ತಾಗುವ ಮುನ್ನವೇ ಆತ ಗುಂಡಿ ಒತ್ತಿಬಿಟ್ಟಿದ್ದ. ಮಲೆನಾಡಿನ ಮಳೆಗೆ ನಿಂತ ನೀರಿಗೇನು ಬರ? ಹಾರುವವರಿಗೂ ಬರವಿಲ್ಲ. ಆದರೆ ಕ್ಯಾಮೆರಾ ಕಂಡದ್ದೇ ತಡ, ಎತ್ತಿದ ಕಾಲು ಕೆಳಗಿಳಿಯುತ್ತದೆ. ಪಂಚೆ ಸರಿಯಾಗುತ್ತದೆ, ಕೊಡೆ ಬೆನ್ನ ಹಿಂದೆ ಹೋಗುತ್ತದೆ, ಅಂಗೈ ತಲೆಗೂದಲ ಮೇಲೊಮ್ಮೆ ಆಡುತ್ತದೆ. ಆಮೇಲೆ ಅಪ್ಪಣೆ: "ಹೂಂ, ಈಗ ತೆಗಿ ಮಾರಾಯ."