ಕೂತಲ್ಲೇ ಇಳಿದ ಶಿಖರ

ಘಾಟ್ಕೋಪರ್ ಪೂರ್ವದ ಪಂತ್‌ನಗರದಲ್ಲಿ, ನಾಲ್ಕನೇ ಮಾಳಿಗೆಯ ಬಾಲ್ಕನಿಯಲ್ಲಿ ಚಹಾ ಹಿಡಿದು ಕೂತವನಿಗೆ ಹಿಮಾಲಯ ಬಹಳ ಹತ್ತಿರ. ದೂರ ಅನ್ನಿಸುವುದು ಸಂಜೆ ಏಳರ ಹೊತ್ತಿಗೆ ಮೆಟ್ರೋ ಇಳಿದು ಲೋಕಲ್‌ನ ಪ್ಲಾಟ್‌ಫಾರ್ಮ್ ಮುಟ್ಟುವ ದಾರಿ ಮಾತ್ರ. ಹಾಗಾಗಿ ಸೊಸೈಟಿಯ ಗಣೇಶೋತ್ಸವದ ಲೆಕ್ಕ ಒಪ್ಪಿಸಿದ ದಿನ, ಉಳಿದ ಹಣಕ್ಕಿಂತ ಉಳಿದ ಉತ್ಸಾಹವೇ ಹೆಚ್ಚಾಗಿ, ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋಗುವ ಠರಾವು ಸರ್ವಾನುಮತದಿಂದ ಪಾಸಾಯಿತು. 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಅದಕ್ಕೂ ಮೇಲೆ ಹೋದರಲ್ಲ ಎಂದು ಯಾರೋ ಹುರುಪು ತುಂಬಿದರು. ಆ ಇಬ್ಬರಿಗೂ ಸೊಸೈಟಿ ಮೀಟಿಂಗ್ ಇರಲಿಲ್ಲ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ತರಬೇತಿ ಮರುದಿನವೇ ಶುರು. ನಮ್ಮದು ಲಿಫ್ಟಿಲ್ಲದ ಹಳೆಯ ಬಿಲ್ಡಿಂಗು. ಆ ಕೊರತೆಗೆ ಮೊದಲ ಸಲ ಮರ್ಯಾದೆ ಬಂತು. ನಾನು ಬೆನ್ನಚೀಲಕ್ಕೆ ಹತ್ತು ಕಿಲೋ ಗೋಧಿ ತುಂಬಿ ಮೆಟ್ಟಿಲು ಹತ್ತಿಳಿಯತೊಡಗಿದೆ. "ಹೇಗೂ ಕೆಳಗೆ ಹೋಗ್ತೀರಲ್ಲ, ಅದನ್ನು ಚಕ್ಕಿಗೆ ಕೊಟ್ಟು ಬನ್ನಿ" ಎಂದಳು ಹೆಂಡತಿ. ಮೇಲೆ ಬರುವಾಗ ಹಿಟ್ಟಿನ ಜೊತೆ ಕೊತ್ತಂಬರಿ ಸೊಪ್ಪು, ಹಾಲು, ಇಸ್ತ್ರಿಯವನ ಗಂಟು. ಶೆರ್ಪಾಗಳ ಕಷ್ಟ ನನಗೆ ಕಠ್ಮಂಡು ನೋಡುವ ಮೊದಲೇ ಅರ್ಥವಾಯಿತು. ಇತ್ತ ಹೋಟೆಲಿನ ಶೆಟ್ರು ಮೆಟ್ಟಿಲಿನ ತಂಟೆಗೆ ಹೋಗದೆ, ಎಲ್ಲರಿಗೂ ಕಿತ್ತಳೆ ಬಣ್ಣದ ಟೀ-ಶರ್ಟ್ ಹೊಲಿಸಿ ತಂದರು. ಎದೆಯ ತುಂಬ ದಪ್ಪ ಅಂಕಿ: 5364. ಬೇಸ್ ಕ್ಯಾಂಪಿನ ಎತ್ತರ, ಮೀಟರಿನಲ್ಲಿ.

ಮುಂದಿನ ಮೀಟಿಂಗಿನಲ್ಲಿ ಡಾಕ್ಟರು ಬಾಯಿ ಬಿಟ್ಟರು. 2860 ಮೀಟರಿನ ಲುಕ್ಲಾದಲ್ಲಿ ವಿಮಾನ ಇಳಿದು ನೆಟ್ಟಗೆ ಮೇಲೆ ನಡೆದುಬಿಡುವ ಹಾಗಿಲ್ಲ. 3440 ಮೀಟರಿನ ನಾಮ್ಚೆ ಬಜಾರಿನಲ್ಲಿ ಒಂದು ದಿನ ಸುಮ್ಮನೆ ಉಳಿದು ಮೈಗೆ ತೆಳು ಗಾಳಿ ರೂಢಿ ಮಾಡಿಸಬೇಕು. ಮೂರು ಸಾವಿರ ದಾಟಿದ ಮೇಲೆ ಮಲಗುವ ಜಾಗವನ್ನು ರಾತ್ರಿಗೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬಾರದು. ಬ್ಯಾಂಕಿನವರು ಕ್ಯಾಲೆಂಡರ್ ತೆಗೆದು ಬೆರಳು ಮಡಚಿದರು. "ಆಮ್ಲಜನಕ ಕಡಿಮೆಯಾದರೆ ಸುಧಾರಿಸಬಹುದು, ರಜೆ ಕಡಿಮೆಯಾದರೆ ಏನು ಮಾಡೋದು?" ಮೂರನೇ ಮಾಳಿಗೆಯ ಗುಜರಾತಿ ಬೆನ್ ಕೇಳಿದ್ದು ಒಂದೇ ಪ್ರಶ್ನೆ, ಅಲ್ಲಿ ಜೈನ್ ಊಟ ಸಿಗುತ್ತದೆಯೇ? ಆ ದಾರಿಯ ಖುಂಬು ಕಣಿವೆಯ ಜನ ಬದುಕಿರುವುದೇ ಆಲೂಗಡ್ಡೆಯ ಮೇಲೆ ಎಂದು ತಿಳಿದಾಗ ಅವರು ತಮ್ಮ ಥೇಪ್ಲಾ ಡಬ್ಬಿಯನ್ನು ತಬ್ಬಿಕೊಂಡ ರೀತಿ ನೋಡಿಯೇ ಎವರೆಸ್ಟ್ ನಮ್ಮ ಕೈತಪ್ಪಿತೆಂದು ಗೊತ್ತಾಯಿತು.

ಮುಂದೆ ಬಂದ ಹೆಸರು ಉತ್ತರಾಖಂಡದ ಕೇದಾರಕಂಠ, ಸುಮಾರು 3800 ಮೀಟರ್. ಹಿಮ ನೋಡಬೇಕಾದರೆ ಡಿಸೆಂಬರ್ ಕೊನೆಗೆ ಹೋಗಬೇಕು. ಥರ್ಟಿಫಸ್ಟಿಗೆ ಹೋಟೆಲಿನ ಗಲ್ಲಾ ಬಿಟ್ಟು ಹಿಮದಲ್ಲಿ ಕೂರಲು ಶೆಟ್ರಿಗೇನು ತಲೆ ಕೆಟ್ಟಿದೆಯೇ? ಅದೂ ಹೋಯಿತು.

ಆಗ ನಾನೇ ಕುಮಾರಪರ್ವತ ಎಂದೆ. 1712 ಮೀಟರ್, ಕುಕ್ಕೆ ಸುಬ್ರಹ್ಮಣ್ಯದಿಂದ ಎರಡು ದಿನದ ಚಾರಣ, ನಡುದಾರಿಯಲ್ಲಿ ಭಟ್ಟರ ಮನೆಯ ಊಟ. ಊರ ಕಡೆಯ ಮತ್ಸ್ಯಗಂಧ ರೈಲು ಹೊರಡುವ ಕುರ್ಲಾ ಟರ್ಮಿನಸ್ಸು ನಮಗೆ ರಿಕ್ಷಾ ದೂರ. ಕುಕ್ಕೆ ಎಂದದ್ದೇ ತಡ, ಅದುವರೆಗೆ ಅಡುಗೆಮನೆಯಲ್ಲಿದ್ದ ಹೆಂಗಸರೆಲ್ಲ ಹಾಲಿಗೆ ಬಂದರು. ಶೆಟ್ರ ಮನೆಯವರಿಗೆ ಸರ್ಪಸಂಸ್ಕಾರ ಬಾಕಿ ಇತ್ತು, ಅದಕ್ಕೇ ಎರಡು ದಿನ. ನಮ್ಮವಳಿಗೆ ಆಶ್ಲೇಷಾ ಬಲಿ. ಅಷ್ಟು ದೂರ ಹೋಗಿ ಧರ್ಮಸ್ಥಳ ಬಿಡುವುದುಂಟೆ? ಧರ್ಮಸ್ಥಳಕ್ಕೆ ಹೋಗಿ ಕಟೀಲು ಬಿಟ್ಟರೆ ಅಮ್ಮನವರು ಏನಂದುಕೊಂಡಾರು? ಮೂಡುಬಿದಿರೆಯ ದೊಡ್ಡಮ್ಮನ ಮಗಳ ಮನೆ ಒಕ್ಕಲೂ ಅದೇ ವಾರ. ಹಾಳೆಯ ಎರಡೂ ಬದಿ ತುಂಬಿದ ಮೇಲೆ ಪರ್ವತಕ್ಕೆ ಉಳಿದದ್ದು ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ. "ಅಷ್ಟರಲ್ಲಿ ಹತ್ತಿ ಬನ್ನಿ, ನಾವು ದೇವಸ್ಥಾನದಲ್ಲಿ ಕೂತಿರ್ತೇವೆ" ಎಂದರು ಶೆಟ್ರ ಮನೆಯವರು, ಪೂರ್ತಿ ಒಳ್ಳೆಯ ಮನಸ್ಸಿನಿಂದ.

ಕೊನೆಗೆ ನಿಂತದ್ದು ಕಳಸೂಬಾಯಿಯ ಹತ್ತಿರ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ, ತುದಿಯಲ್ಲಿ ದೇವಿಯ ಪುಟ್ಟ ಗುಡಿ, ಕಡಿದಾದ ಕಡೆಗಳಲ್ಲಿ ಕಬ್ಬಿಣದ ಏಣಿ. ಘಾಟ್ಕೋಪರಿನಲ್ಲೇ ಕಸಾರಾ ಲೋಕಲ್ ಹಿಡಿದು, ಕಸಾರಾದಿಂದ ಜೀಪಿನಲ್ಲಿ ಬಾರಿ ಹಳ್ಳಿ ಸೇರಿದರೆ ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬಹುದು. ಆದರೆ ನಮ್ಮ ಠರಾವಿನಲ್ಲಿ 'ಬಹುದಿನಗಳ ಚಾರಣ' ಎಂದಿತ್ತು. ಆ ಮಾತಿಗೆ ಚ್ಯುತಿ ಬಾರದಂತೆ, ಹತ್ತಲು ಒಂದು ದಿನ, ಭಂಡಾರದರಾ ಕೆರೆಯ ದಂಡೆಯಲ್ಲಿ ದಣಿವಾರಿಸಿಕೊಳ್ಳಲು ಎರಡು ದಿನ ಎಂದು ತಿದ್ದುಪಡಿ ತಂದೆವು.

ಉಳಿದದ್ದು ಟೀ-ಶರ್ಟಿನ ಪ್ರಶ್ನೆ. ಕಳಸೂಬಾಯಿ 1646 ಮೀಟರ್. ಎದೆಯ ಮೇಲಿರುವುದು 5364. ಇಡೀ ಕಟ್ಟು ಹಿಂದಿರುಗಿಸಲು ಅಂಗಡಿಯವನು ಒಪ್ಪಲಿಲ್ಲ. ಬ್ಯಾಂಕಿನವರು ಮೊಬೈಲ್ ತೆಗೆದು 1646 ಮೀಟರನ್ನು ಅಡಿಗೆ ತಿರುಗಿಸಿದರು. ಬಂದದ್ದು 5400! ಸಭೆಯಲ್ಲಿ ಚಪ್ಪಾಳೆ. ಅಂಕಿ ಹಾಗೇ ಇರಲಿ, ಕೆಳಗಿನ 'ಮೀ.' ಎಂಬುದರ ಮೇಲೆ 'ಅಡಿ' ಎಂದು ಚೀಟಿ ಅಂಟಿಸಿದರೆ ಮುಗಿಯಿತು.

36 ಅಡಿ ಕಡಿಮೆ ಬೀಳುತ್ತದಲ್ಲ ಎಂದು ಡಾಕ್ಟರು ಗೊಣಗಿದರು. ಶೆಟ್ರು ಆ ಮಾತನ್ನೇ ಹಿಡಿದುಕೊಂಡಿದ್ದಾರೆ. "ಅಂಗಿಯಲ್ಲಿ ಬರೆದಷ್ಟು ಹತ್ತಿದರೆ ಸಾಕಲ್ವಾ ಮಾರಾಯ್ರೇ? ಆ 36 ಅಡಿ ನೀವು ಹೋಗಿ ಬನ್ನಿ, ನಾನು ಅಲ್ಲೇ ಚಪ್ಪಲಿ ಕಾಯ್ತೇನೆ."