ಜೋಡಿ ಮೆಟ್ಟಿಲು, ಒಂದು ಕೋಸು

ಫ್ರಾನ್ಸಿನ ಲ್ವಾರ್ ಸೀಮೆಗೆ ಹೋದವರು ಶಾಂಬೋರ್ ಅರಮನೆ ನೋಡಲೇಬೇಕಂತೆ. ನೋಡಿದೆವು. ದೊರೆ ಒಂದನೇ ಫ್ರಾನ್ಸಿಸ್ 1519ರಲ್ಲಿ ಶುರುಮಾಡಿಸಿದ್ದು. ಬೇಟೆಗೆ ಬಂದಾಗ ತಂಗಲೊಂದು ಮನೆ, ಅಷ್ಟೇ! ಬೆಂಕಿಗೂಡುಗಳೇ 282. ಬೂದಿ ಬಳಿಯುವವರ ಪಾಡು ನೆನೆದು ನನ್ನವಳು ನಿಟ್ಟುಸಿರಿಟ್ಟಳು.

ನಡುವೆ ಒಂದನ್ನೊಂದು ಸುತ್ತಿಕೊಂಡ ಜೋಡಿ ಸುರುಳಿ ಮೆಟ್ಟಿಲು. ಒಂದರಲ್ಲಿ ಹತ್ತುವವರು ಇನ್ನೊಂದರವರಿಗೆ ಎದುರಾಗುವುದಿಲ್ಲ. ಕಿಂಡಿಯಲ್ಲಿ ಮುಖ ಮಾತ್ರ ಕಾಣುತ್ತದೆ. ಅವಳು ಒಂದು ಹತ್ತಿದಳು, ನಾನು ಇನ್ನೊಂದು. "ನೀರಿನ ಬಾಟ್ಲಿ ನಿಮ್ಮತ್ರಾನೇ ಇದೆ ಕಣ್ರೀ!" ಕಿಂಡಿಯಿಂದ ಕೂಗು. ಮೂವತ್ತು ವರ್ಷದ ಸಂಸಾರದಲ್ಲಿ ಇಷ್ಟು ನೆಮ್ಮದಿಯಾಗಿ ಬೈಸಿಕೊಂಡಿರಲಿಲ್ಲ.

ಮರುದಿನ ವಿಲಾಂದ್ರಿ ತೋಟ. ರಂಗೋಲಿ ಬಿಟ್ಟಂತೆ ಒಂಬತ್ತು ಚೌಕ, ಒಳಗೆಲ್ಲ ತರಕಾರಿ. ಜನ ಫೋಟೊ ತೆಗೆಯುತ್ತಿದ್ದರೆ ಇವಳು ಬಗ್ಗಿ ಕೋಸಿನ ಎಲೆ ಪರೀಕ್ಷಿಸಿ, "ಹುಳ ಇಲ್ಲ ರೀ. ಪಲ್ಯಕ್ಕೊಂದು ಕೊಡ್ತಾರಾ ಕೇಳಿ" ಎಂದಳು.