ಗಲ್ಲಾ ಶಾಸನಗಳು: ಒಂದು ಸಂಶೋಧನಾತ್ಮಕ ಟಿಪ್ಪಣಿ

ಕರ್ನಾಟಕದ ಶಾಸನಗಳ ಬಗ್ಗೆ ಇದುವರೆಗೆ ಬಂದಿರುವ ಸಂಪುಟಗಳಲ್ಲಿ ಒಂದು ದೊಡ್ಡ ಲೋಪವಿದೆ. ಕೆರೆ ಏರಿ, ಗುಡಿಯ ಜಗತಿ, ಹೊಲದ ಬದು ಎಲ್ಲ ಸುತ್ತಿ ಕಲ್ಲುಗಳ ಪಡಿಯಚ್ಚು ತೆಗೆದ ವಿದ್ವಾಂಸರು, ನಾಡಿನ ಜನ ದಿನಾ ಕೈಕಟ್ಟಿ ನಿಲ್ಲುವ ಒಂದು ಶಾಸನವರ್ಗವನ್ನು ಮಾತ್ರ ಕಣ್ಣೆತ್ತಿಯೂ ನೋಡಿಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ, ಲಕ್ಷ್ಮೀ ಪಟಕ್ಕೂ ಕ್ಯೂಆರ್ ಕೋಡಿಗೂ ನಡುವೆ ನೇತಾಡುವ ಫಲಕವೇ ಅದು. ಶಾಸನಪಾಠ: "ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ." ಲಿಪಿ ಕನ್ನಡ ಅಥವಾ ಇಂಗ್ಲಿಷ್. ಕಾಲ ಅನಿಶ್ಚಿತ. ಬರೆಸಿದವನ ಹೆಸರು, ಬಿರುದು ಯಾವುದೂ ಇಲ್ಲ.

ಹಳೆಯ ದಾನಶಾಸನಗಳ ಕೊನೆಗೆ ಶಾಪಾಶಯವೊಂದು ಇರುತ್ತಿತ್ತು. ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ, ವಾರಣಾಸಿಯಲ್ಲಿ ಗೋವು ಕೊಂದ ಪಾಪಕ್ಕೆ ಹೋಗುತ್ತಾನೆ ಎಂದೆಲ್ಲ ಹೆದರಿಸದೆ ಜನ ಮಾತು ಕೇಳುತ್ತಿರಲಿಲ್ಲವೇನೋ. ಗಲ್ಲಾ ಶಾಸನಕ್ಕೆ ಅಷ್ಟು ಖರ್ಚಿಲ್ಲ. "ಸಾರ್, ಹಿಂದೆ ಜನ ಕಾಯ್ತಾ ಇದಾರೆ, ಸ್ವಲ್ಪ ಸೈಡಿಗೆ ಬನ್ನಿ" ಎಂದರೆ ಸಾಕು. ಸಾಲಿನಲ್ಲಿರುವವರು ಬಿಡುವ ನಿಟ್ಟುಸಿರೇ ಶಾಪದ ಕೆಲಸ ಮಾಡುತ್ತದೆ.

ಈ ಶಾಸನದ ಪ್ರಾಮಾಣ್ಯವೆಷ್ಟು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಳ್ಳಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಹಾಗಾಗಿ, ಕೆಟ್ಟ ಮಾಲಿನ ಮಟ್ಟಿಗೆ ಈ ಫಲಕವನ್ನು ಶಾಸನಶಾಸ್ತ್ರದ ಪರಿಭಾಷೆಯಲ್ಲಿ ಕೂಟಶಾಸನ, ಅಂದರೆ ನಕಲಿ ಶಾಸನ ಎಂದೇ ವರ್ಗೀಕರಿಸಬೇಕು. (ಮನೆಗೆ ಹೋದ ಮೇಲೆ ಸೀರೆಯ ಬಣ್ಣ ಅತ್ತೆಗೆ ಹಿಡಿಸಲಿಲ್ಲ ಎಂಬುದು ದೋಷದ ವ್ಯಾಖ್ಯೆಯೊಳಗೆ ಬರುವುದಿಲ್ಲ. ಈ ವಿಷಯದಲ್ಲಿ ಕಾಯ್ದೆ ಮೌನವಾಗಿದೆ, ಅಂಗಡಿಯವರ ದೊಡ್ಡ ಮನಸ್ಸೇ ಗತಿ.)

ಲಿಖಿತ ಪರಂಪರೆಗೆ ಸಮನಾಗಿ ಒಂದು ಮೌಖಿಕ ಪರಂಪರೆಯೂ ಬೆಳೆದಿದೆ. "ಸಿಸ್ಟಮ್‌ನಲ್ಲಿ ತೋರಿಸ್ತಿಲ್ಲ ಮೇಡಂ", "ಮ್ಯಾನೇಜರ್ ಊಟಕ್ಕೆ ಹೋಗಿದಾರೆ", "ಕಂಪನಿ ರೂಲ್ಸ್ ಸಾರ್, ನಮ್ದೇನಿಲ್ಲ" ಇವು ಪ್ರಮುಖ ಮಂತ್ರಗಳು. ತಣ್ಣಗಿನ ನೀರಿನ ಬಾಟಲಿಗೆ ಎಂಆರ್‌ಪಿ ಮೇಲೆ ಎರಡು ರೂಪಾಯಿ ಕೇಳುವಾಗ ಪಠಿಸುವುದು "ಕೂಲಿಂಗ್ ಚಾರ್ಜ್". 2011ರ ಪೊಟ್ಟಣ ಸರಕುಗಳ ನಿಯಮಗಳು ಅಂಗಡಿಯವನಿಗೆ ಎಂಆರ್‌ಪಿಗಿಂತ ಒಂದು ಪೈಸೆಯನ್ನೂ ಹೆಚ್ಚು ಪಡೆಯಲು ಬಿಡುವುದಿಲ್ಲ. ಆದರೆ ಹೋಟೆಲಿನಲ್ಲಿ ಕೂತು ಅದೇ ನೀರು ಕುಡಿದವರು ಈ ವಾದ ಹೂಡುವ ಮುನ್ನ ಎಚ್ಚರ. ಅಲ್ಲಿ ಕುರ್ಚಿ, ಮೇಜು, ಸೇವೆ ಎಲ್ಲ ಸೇರಿರುವುದರಿಂದ ಹೆಚ್ಚು ದರ ಹಾಕಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿಬಿಟ್ಟಿದೆ.

ಪ್ರಾಚೀನರು ಈ ವಿಷಯದಲ್ಲಿ ನಮಗಿಂತ ನಿಷ್ಠುರರು. ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದ ಹೆಸರು ಕಂಟಕಶೋಧನ. ಸಮಾಜಕ್ಕೆ ಚುಚ್ಚುವ ಮುಳ್ಳುಗಳನ್ನು ತೆಗೆಯುವ ಆ ಭಾಗದಲ್ಲಿ, ವರ್ತಕರಿಂದ ಪ್ರಜೆಗಳನ್ನು ಕಾಯುವುದಕ್ಕೆಂದೇ ಕೌಟಿಲ್ಯ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ತೂಕ, ಅಳತೆಯ ಮೋಸಕ್ಕೆ ದಂಡ ಎಷ್ಟೆಂದು ಅಲ್ಲಿ ಲೆಕ್ಕ ಹಾಕಿಟ್ಟಿದೆ. ಕಸ್ಟಮರ್ ಕೇರ್ ಸಂಗೀತ ಕೇಳುತ್ತ ಕಾಯಿರಿ ಎಂದು ಆತ ಎಲ್ಲೂ ಹೇಳಿಲ್ಲ.

ಇನ್ನು ಆಕರಗಳ ಸಂರಕ್ಷಣೆಯ ಪ್ರಶ್ನೆ. ಹಲ್ಮಿಡಿಯ ಕಲ್ಲು ಸುಮಾರು 1,500 ವರ್ಷ ಬಾಳಿತು. ಮಿಕ್ಸಿಯ ಬಿಲ್ ಎರಡನೆಯ ಬೇಸಿಗೆಯನ್ನೂ ಕಾಣದೆ ಹೋಗಬಹುದು. ಥರ್ಮಲ್ ಕಾಗದದ ಮೇಲೆ ಶಾಯಿಯೇ ಇರುವುದಿಲ್ಲ, ಬಿಸಿ ತಗುಲಿದ ಕಡೆ ಕಪ್ಪಾಗುವ ಲೇಪ ಅಷ್ಟೇ. ಬಿಸಿಲು, ಎಣ್ಣೆಗೈ, ಪರ್ಸಿನ ಪ್ಲಾಸ್ಟಿಕ್ ಇವೆಲ್ಲ ಸೇರಿ ಅಕ್ಷರಗಳನ್ನು ಅಳಿಸುತ್ತವೆ. ಕೊನೆಗೆ ಉಳಿಯುವ ಬಿಳಿ ಚೀಟಿಯನ್ನು ಸಂಪಾದಕರು "ಪೂರ್ತಿ ತ್ರುಟಿತ" ಎಂದು ಗುರುತಿಸಬೇಕಾಗುತ್ತದೆ. ಕೆಳಗೆ "ವಾರಂಟಿಗಾಗಿ ಈ ಬಿಲ್ ಜೋಪಾನ ಮಾಡಿ" ಎಂದಿದ್ದ ಸಾಲೂ ಅದರ ಜೊತೆಗೇ ಹೋಗಿರುತ್ತದೆ. ಬಿಲ್ ಕೈಗೆ ಬಂದ ತಕ್ಷಣ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯುವುದೇ ಸದ್ಯದ ಪಡಿಯಚ್ಚು.

ಈಗ ಪೂರ್ವಪಕ್ಷ. "ಮುಕ್ಕಾಲು ರೂಪಾಯಿ ಬಿಸ್ಕತ್ತಿಗೆ ಯಾರಾದ್ರೂ ಕೋರ್ಟಿಗೆ ಹೋಗ್ತಾರಾ? ಬೇರೆ ಕೆಲಸ ಇಲ್ವಾ?" ಎಂಬ ಆಕ್ಷೇಪ ಪ್ರತಿ ಮನೆಯಲ್ಲೂ ಏಳುತ್ತದೆ. ಇದಕ್ಕೆ ಸಿದ್ಧಾಂತ ತಮಿಳುನಾಡಿನ ತಿರುವಳ್ಳೂರಿನಿಂದ ಬಂದಿದೆ. ಬೀದಿ ಪ್ರಾಣಿಗಳಿಗೆ ಹಾಕಲೆಂದು ಒಬ್ಬರು ಸನ್‌ಫೀಸ್ಟ್ ಮೇರಿ ಲೈಟ್ ಕೊಂಡರು. ಪೊಟ್ಟಣದ ಮೇಲೆ 16 ಎಂದಿತ್ತು, ಒಳಗಿದ್ದದ್ದು 15. ದಿನಕ್ಕೆ ತಯಾರಾಗುವ ಪೊಟ್ಟಣಗಳಿಂದ ಗುಣಿಸಿದರೆ ಈ ಒಂದು ಬಿಸ್ಕತ್ತು ದಿನಕ್ಕೆ 29 ಲಕ್ಷ ರೂಪಾಯಿ ದಾಟುತ್ತದೆ ಎಂಬುದು ಅವರ ಲೆಕ್ಕ. ಮಾರುವುದು ತೂಕದ ಮೇಲೆ, ಎಣಿಕೆಯ ಮೇಲಲ್ಲ ಎಂದಿತು ಬಿಸ್ಕತ್ತಿನ ಕಂಪನಿ ಐಟಿಸಿ. ಸರಿ, ತೂಗಿದರು. ಪೊಟ್ಟಣದ ಮೇಲೆ 76 ಗ್ರಾಂ, ತಕ್ಕಡಿಯಲ್ಲಿ 74. ತೂಕದಲ್ಲಿ ನಾಲ್ಕೂವರೆ ಗ್ರಾಂವರೆಗೆ ವ್ಯತ್ಯಾಸಕ್ಕೆ ನಿಯಮ ಒಪ್ಪುತ್ತದಲ್ಲ ಎಂಬುದು ಕಂಪನಿಯ ಮುಂದಿನ ಪಟ್ಟು. ಅದು ಆವಿಯಾಗುವ ಪದಾರ್ಥಗಳಿಗೆ, ಬಿಸ್ಕತ್ತು ಆವಿಯಾಗುವುದಿಲ್ಲ ಎಂದು ಜಿಲ್ಲಾ ಗ್ರಾಹಕ ಆಯೋಗ 2023ರಲ್ಲಿ ತೀರ್ಮಾನಿಸಿ, 1 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಭೌತಶಾಸ್ತ್ರಕ್ಕೆ ಗ್ರಾಹಕ ನ್ಯಾಯ ಕೊಟ್ಟ ಇಂಥ ಕೊಡುಗೆ ಮತ್ತೊಂದು ಸಿಗಲಾರದು.

ಕನ್ನಡ ನೆಲದ ಸಾಕ್ಷ್ಯಗಳೂ ದುರ್ಬಲವೇನಲ್ಲ. ಪೇಡೆಯ ಊರಾದ ಧಾರವಾಡದಲ್ಲಿ ಗ್ರಾಹಕರೊಬ್ಬರು 2023ರ ಆಗಸ್ಟ್‌ನಲ್ಲಿ ಜೊಮ್ಯಾಟೊದಲ್ಲಿ 133 ರೂಪಾಯಿ 25 ಪೈಸೆಯ ಮೋಮೊ ತರಿಸಿದರು. (ಪೇಡೆ ಬಿಟ್ಟು ಮೋಮೊ ಯಾಕೆ ಎಂಬುದು ಪ್ರತ್ಯೇಕ ಪ್ರಬಂಧದ ವಿಷಯ.) ಮೊಬೈಲಿಗೆ "ತಲುಪಿಸಲಾಗಿದೆ" ಎಂಬ ಸಂದೇಶ ಬಂತು, ಮೋಮೊ ಬರಲಿಲ್ಲ. ದೂರು ಹೇಳಿದರೆ 72 ಗಂಟೆ ಕಾಯಿರಿ ಎಂದರು. ಕಾದರು, ಲೀಗಲ್ ನೋಟಿಸ್ ಕಳಿಸಿದರು, ಆಯೋಗದ ಮೆಟ್ಟಿಲು ಹತ್ತಿದರು. ಮೋಮೊ ದುಡ್ಡು ವಾಪಸ್ ಬಂದದ್ದು ಮರುವರ್ಷ ಮೇ ತಿಂಗಳಲ್ಲಿ. ಜುಲೈನಲ್ಲಿ ಜಿಲ್ಲಾ ಆಯೋಗ 60,000 ರೂಪಾಯಿ ಕೊಡುವಂತೆ ಆದೇಶಿಸಿತು. ಬೆಂಗಳೂರಿನ ನಾಗಸಂದ್ರದ ಐಕಿಯಾದಲ್ಲಿ ಕಂಪನಿಯ ಹೆಸರಿರುವ ಚೀಲಕ್ಕೇ 20 ರೂಪಾಯಿ ತೆತ್ತ ಗ್ರಾಹಕರಿಗೆ, 2023ರಲ್ಲಿ ಆ 20 ರೂಪಾಯಿಯ ಜೊತೆ ಪರಿಹಾರ, ಖರ್ಚು ಸೇರಿ 3,000 ಕೊಡಬೇಕೆಂದಾಯಿತು. ತಮ್ಮ ಜಾಹೀರಾತನ್ನು ಹೊರಲು ಗಿರಾಕಿಯಿಂದಲೇ ಕೂಲಿ ಕೇಳುವ ಪದ್ಧತಿ ಹಳೆಯ ಯಾವ ವರ್ತಕ ಶ್ರೇಣಿಯ ಕಾಲದಲ್ಲೂ ಇದ್ದಂತಿಲ್ಲ.

ಸಹನೆಯ ಪರಮಾವಧಿ ಮಾತ್ರ ಮಥುರಾದ್ದು. 1999ರಲ್ಲಿ ರೈಲ್ವೆ ಕೌಂಟರಿನಲ್ಲಿ ಒಟ್ಟು 70 ರೂಪಾಯಿಯ ಟಿಕೆಟ್ಟುಗಳಿಗೆ 90 ಹಿಡಿದುಕೊಂಡರು. ಪ್ರಯಾಣಿಕರು ವಕೀಲರೆಂಬುದು ಕೌಂಟರಿಗೆ ತಿಳಿದಿರಲಿಕ್ಕಿಲ್ಲ. ನೂರಕ್ಕೂ ಹೆಚ್ಚು ವಾಯಿದೆಗಳ ನಂತರ 2022ರಲ್ಲಿ ಅವರು ಗೆದ್ದರು: 20 ರೂಪಾಯಿ ಬಡ್ಡಿ ಸಮೇತ, ಮೇಲೆ 15,000 ಪರಿಹಾರ. ಮೂರು ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ಪ್ರಕರಣ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಆ ವಾಕ್ಯವನ್ನು ಕಾವ್ಯವೆಂದು ಓದಿಕೊಳ್ಳುವುದೇ ಕ್ಷೇಮ.

ಆದರೂ ದೂರಿನ ವಿಧಿ ಅಷ್ಟೇನೂ ಕಷ್ಟದ್ದಲ್ಲ. ಮೊದಲು ಅಂಗಡಿಗೆ ಬರಹದಲ್ಲಿ ದೂರು, ಇಮೇಲ್ ಆದರೂ ಆದೀತು. ಬಾಯಿಮಾತಿನ ಜಗಳಕ್ಕೆ ಪುರಾವೆ ಉಳಿಯುವುದಿಲ್ಲ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್. ಅಲ್ಲೂ ಬಗೆಹರಿಯದಿದ್ದರೆ, ಘಟನೆ ನಡೆದ 2 ವರ್ಷದೊಳಗೆ ಜಿಲ್ಲಾ ಆಯೋಗ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಹಿಂದೆ ಎದುರು ಪಾರ್ಟಿಯ ಊರನ್ನೋ ಘಟನೆ ನಡೆದ ಊರನ್ನೋ ಹುಡುಕಿಕೊಂಡು ಹೋಗಬೇಕಿತ್ತು. ಈಗ ಗ್ರಾಹಕ ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಾರವಾರದಲ್ಲಿರುವವರು ಗುರುಗ್ರಾಮದ ಕಂಪನಿಯನ್ನು ಕಾರವಾರಕ್ಕೇ ಕರೆಸಿಕೊಳ್ಳಬಹುದು, ಮತ್ತು ಅದು 45 ದಿನದೊಳಗೆ ಉತ್ತರ ಸಲ್ಲಿಸಲೇಬೇಕು.